ಕೊಂಕಣಕಡಾದಲ್ಲಿ ಕರಗಿದ ‘ನಾನು’: ಅದನ್ನು ಮತ್ತೆ ಬೆನ್ನಟ್ಟಬೇಕೇ?

ಪ್ರಶ್ನೆ: ನಾನು ಧಾರವಾಡದವನು, ವಯಸ್ಸು 29. ಪುಣೆಯ ಹಿಂಜವಡಿಯಲ್ಲಿ ಸಾಫ್ಟ್‌ವೇರ್ ಕೆಲಸ, ವಾಕಡ್‌ನಲ್ಲಿ ಒಬ್ಬನೇ ಇದ್ದೇನೆ. ಕಳೆದ ವರ್ಷ ಇಗತ್‌ಪುರಿಯಲ್ಲಿ ಹತ್ತು ದಿನದ ವಿಪಸ್ಸನಾ ಧ್ಯಾನ ಶಿಬಿರ ಮುಗಿಸಿದೆ. ಆಮೇಲೆ ಗೋವಾದಲ್ಲಿ ಉಸಿರಾಟದ ಒಂದು ವರ್ಕ್‌ಶಾಪ್‌ಗೆ ಹೋದೆ. ಕೈಬೆರಳು ಸೆಟೆದುಕೊಂಡು ಜೋರಾಗಿ ಅತ್ತೆ, ಆಮೇಲೆ ಮನಸ್ಸು ಹಗುರಾಯಿತು. ಮಳೆಗಾಲದ ಕೊನೆಗೆ ಎರಡು ದಿನ ಉಪವಾಸವಿದ್ದು ಒಬ್ಬನೇ ಸಹ್ಯಾದ್ರಿಯ ಹರಿಶ್ಚಂದ್ರಗಡ ಹತ್ತಿದೆ, ರಾತ್ರಿಯೆಲ್ಲ ಅಲ್ಲಿನ ಕೊಂಕಣಕಡಾ ಎಂಬ ಪ್ರಪಾತದ ಅಂಚಿನಲ್ಲಿ ಕೂತೆ. ಬೆಳಿಗ್ಗೆ ಕೆಳಗಿನ ಮಂಜಿನಲ್ಲಿ ನನ್ನ ನೆರಳು, ಅದರ ಸುತ್ತ ದುಂಡನೆಯ ಕಾಮನಬಿಲ್ಲು. ನಾನು, ಬಂಡೆ, ಮಂಜು ಎಲ್ಲ ಒಂದೇ ಆಗಿಹೋಯಿತು. ಸಾವಿನ ಭಯವೂ ಇರಲಿಲ್ಲ. ಈಗ ಆಫೀಸು, ಗೆಳೆಯರು, ಊಟ ಎಲ್ಲವೂ ಸಪ್ಪೆ. ಆ ಸ್ಥಿತಿ ಮತ್ತೆ ಬೇಕು. ಡಿಸೆಂಬರಿನಲ್ಲಿ ಗೋವಾಕ್ಕೆ ಹೋಗಿ ಮತ್ತೇರಿಸುವ ಅಣಬೆ ತೆಗೆದುಕೊಳ್ಳೋಣ ಎಂದು ಕೆಲವರು ಕರೆಯುತ್ತಿದ್ದಾರೆ. ಆತಂಕಕ್ಕೆಂದು ಒಂದು ವರ್ಷದಿಂದ ಎಸಿಟಲೋಪ್ರಾಮ್ ನುಂಗುತ್ತಿದ್ದೇನೆ. ಅದನ್ನು ಬಿಟ್ಟರೆ ಅನುಭವ ಗಾಢವಾಗುತ್ತದಂತೆ. ಅವ್ವ ಮಾತ್ರ ‘ನಿಮ್ಮ ಸ್ವಾದರಮಾವನೂ ಹಿಂಗ ದೇವ್ರು ದೇವ್ರು ಅನಕೋತ ಮನಿ ಬಿಟ್ಟು ಹೋದ’ ಎಂದು ಅಳುತ್ತಾಳೆ. ನನಗಾದದ್ದು ನಿಜವೇ, ಮಿದುಳಿನ ಆಟವೇ? ಮತ್ತೆ ಪಡೆಯುವುದು ಹೇಗೆ?

ಉತ್ತರ: ಅವಸರದ ಎರಡು ಮಾತು ಮೊದಲು. ಡಿಸೆಂಬರಿನ ಗೋವಾ ಯೋಜನೆ ಕೈಬಿಡಿ. ಎಸಿಟಲೋಪ್ರಾಮ್ ಅನ್ನು ನೀವಾಗಿ ನಿಲ್ಲಿಸಬೇಡಿ. ಈಗಾಗಲೇ ನಿಲ್ಲಿಸಿದ್ದರೆ ಈ ವಾರವೇ ನಿಮ್ಮ ವೈದ್ಯರನ್ನು ಕಾಣಿ. ಇಷ್ಟು ಹೇಳಿಬಿಟ್ಟರೆ ಉಳಿದದ್ದನ್ನು ನಿಧಾನವಾಗಿ ಮಾತಾಡಬಹುದು. ನಿಧಾನವಾಗಿಯೇ ಮಾತಾಡಬೇಕಾದ ಸಂಗತಿ ಇದು.

ನಿಮಗಾದದ್ದು ನಿಜ. ನಾನು ಪುಣೆಯಲ್ಲಿ ಮನೋವೈದ್ಯೆ. ಇಂಥ ಅನುಭವವನ್ನು ನನ್ನ ಮುಂದೆ ಹೇಳಿಕೊಂಡವರು ಬಹಳ ಮಂದಿ, ಅದರಲ್ಲೂ ಹೆಚ್ಚಿನವರು ತಗ್ಗಿದ ದನಿಯಲ್ಲಿ, ಎಲ್ಲಿ ಹುಚ್ಚು ಅಂದುಬಿಡುತ್ತಾರೋ ಎಂಬ ಅಳುಕಿನಿಂದ. ನೀವು ಅಳುಕದೆ ಬರೆದಿದ್ದೀರಿ, ಒಳ್ಳೆಯದಾಯಿತು. ‘ನಿಜವೇ, ಮಿದುಳಿನ ಆಟವೇ’ ಎಂದು ಕೇಳಿದ್ದೀರಲ್ಲ, ಎರಡರಲ್ಲಿ ಒಂದನ್ನೇ ಆರಿಸಿಕೊಳ್ಳಬೇಕಾದ ಪ್ರಮೇಯವೇ ಇಲ್ಲ. ಅವ್ವನ ದನಿ ಫೋನಿನಲ್ಲಿ ಕೇಳಿದಾಗಲೂ ಮಿದುಳು ಕೆಲಸ ಮಾಡುತ್ತಿರುತ್ತದೆ. ಅಷ್ಟಕ್ಕೇ ಅವ್ವ ಮಿದುಳಿನ ಆಟವಾಗುವುದಿಲ್ಲ. ಮಿದುಳಿನಲ್ಲಿ ಏನು ನಡೆಯಿತೆಂದು ಹೇಳಬಲ್ಲೆ ಎಂದ ಮಾತ್ರಕ್ಕೆ ನಿಮ್ಮ ಅನುಭವ ಸುಳ್ಳೆಂದು ನಾನು ಹೇಳಿದಂತಲ್ಲ. ಆದರೆ ಅದು ಗಾಢವಾಗಿತ್ತು ಎಂಬ ಕಾರಣಕ್ಕೆ ಅದು ಜಗತ್ತಿನ ಬಗ್ಗೆ ತೋರಿಸಿದ್ದೆಲ್ಲ ಸತ್ಯವೆಂದೂ ಹೇಳಲಾರೆ. ಪೂರ್ಣ ಖಾತ್ರಿಯ ಭಾವವನ್ನು ಮಿದುಳು ತಪ್ಪು ಸಂಗತಿಗಳಿಗೂ ಕೊಡುತ್ತದೆ. ಅದನ್ನು ನಾನು ವಾರದಲ್ಲಿ ಹಲವು ಸಲ ನೋಡುತ್ತೇನೆ.

ಆ ರಾತ್ರಿ ನಿಮ್ಮ ಮೈಯಲ್ಲಿ ಏನೇನು ಸೇರಿತ್ತು ನೋಡಿ. ಎರಡು ದಿನದ ಹಸಿವು, ಸುಮಾರು 1,400 ಮೀಟರ್ ಎತ್ತರದ ಗಡ ಹತ್ತಿದ ದಣಿವು, ಒಂದು ರಾತ್ರಿಯ ನಿದ್ದೆಗೇಡು, ಚಳಿ, ಕಾಲ ಬುಡದಲ್ಲೇ ಪ್ರಪಾತ, ಹತ್ತಿರದಲ್ಲಿ ನರಪಿಳ್ಳೆಯಿಲ್ಲ. ಇವುಗಳಲ್ಲಿ ಒಂದೊಂದೂ ತಾನಾಗಿಯೇ ಮನಸ್ಸಿನ ಗಡಿಯನ್ನು ಸಡಿಲಿಸುತ್ತದೆ, ನೀವು ಎಲ್ಲವನ್ನೂ ಒಟ್ಟಿಗೆ ಕೂಡಿಸಿದ್ದೀರಿ. 1927ರಲ್ಲಿ ಚಾರ್ಲ್ಸ್ ಲಿಂಡ್‌ಬರ್ಗ್ ಒಬ್ಬನೇ ಅಟ್ಲಾಂಟಿಕ್ ಮೇಲೆ ಮೂವತ್ತಮೂರೂವರೆ ಗಂಟೆ ವಿಮಾನ ಹಾರಿಸಿದ. ನಿದ್ದೆಯಿಲ್ಲದ ಆ ಹೊತ್ತಿನಲ್ಲಿ ವಿಮಾನದೊಳಗೆ ಯಾರೋ ಬಂದು ಕೂತು ತನ್ನೊಡನೆ ಮಾತಾಡಿದರೆಂದು ಆಮೇಲೆ ಬರೆದುಕೊಂಡ. 1916ರ ಮೇ ತಿಂಗಳಲ್ಲಿ ಅಂಟಾರ್ಕ್ಟಿಕ್ ಅನ್ವೇಷಕ ಅರ್ನೆಸ್ಟ್ ಶ್ಯಾಕಲ್ಟನ್ ಮತ್ತು ಇಬ್ಬರು ಜೊತೆಗಾರರು ದಕ್ಷಿಣ ಜಾರ್ಜಿಯಾ ದ್ವೀಪದ ಹಿಮಪರ್ವತಗಳನ್ನು ಮೂವತ್ತಾರು ಗಂಟೆ ಎಡೆಬಿಡದೆ ನಡೆದು ದಾಟಿದರು. ಇದ್ದವರು ಮೂವರು, ಆದರೆ ನಾಲ್ಕನೆಯವನೊಬ್ಬ ಜೊತೆಗೆ ನಡೆಯುತ್ತಿದ್ದಾನೆ ಎಂದು ಮೂವರಿಗೂ ಅನ್ನಿಸಿತ್ತು. ಒಬ್ಬರಿಗೊಬ್ಬರು ಹೇಳಿಕೊಂಡದ್ದು ಆಮೇಲೆ. ಪ್ರಾಣಕ್ಕೇ ಬಂದಾಗ ದಣಿದ ಮಿದುಳು ಸೃಷ್ಟಿಸಿಕೊಂಡದ್ದು ಒಬ್ಬ ಸಂಗಾತಿಯನ್ನು. ಇದು ನನ್ನ ಮನಸ್ಸಿನಿಂದ ಹೋಗುವುದೇ ಇಲ್ಲ.

ಮೈ ಎಲ್ಲಿ ಮುಗಿಯುತ್ತದೆ, ಹೊರಗು ಎಲ್ಲಿಂದ ಶುರು ಎಂಬ ಲೆಕ್ಕವನ್ನು ಮಿದುಳಿನ ಹಿಂಬದಿಯ ಮೇಲ್ಭಾಗ ಸದಾ ಇಟ್ಟಿರುತ್ತದೆ. 2002ರಲ್ಲಿ ಜಿನೀವಾದ ವೈದ್ಯರು ಅಪಸ್ಮಾರದ ಚಿಕಿತ್ಸೆಗೆ ತಯಾರಿ ನಡೆಸುವಾಗ ಬಲ ಮಿದುಳಿನ ಅಂಥದೇ ಒಂದು ಜಾಗಕ್ಕೆ ಸಣ್ಣ ವಿದ್ಯುತ್ ಪ್ರವಾಹ ಕೊಟ್ಟರು. ರೋಗಿಗೆ ತಾನು ಮೇಲೆ ತೇಲುತ್ತ ಹಾಸಿಗೆಯ ಮೇಲಿನ ತನ್ನ ಮೈಯನ್ನೇ ನೋಡುತ್ತಿರುವಂತೆ ಅನ್ನಿಸಿತು. ಪ್ರವಾಹ ನಿಲ್ಲಿಸಿದರೆ ಅದೂ ನಿಂತಿತು. ಅಂದರೆ ‘ನಾನು ಇಲ್ಲಿದ್ದೇನೆ’ ಎಂಬುದು ಕಲ್ಲಿನಲ್ಲಿ ಕೊರೆದದ್ದಲ್ಲ, ಕ್ಷಣಕ್ಷಣವೂ ಕಟ್ಟಿಕೊಳ್ಳುವಂಥದ್ದು. ಕಟ್ಟುವ ಕೆಲಸ ಸ್ವಲ್ಪ ನಿಂತರೂ ಗಡಿ ಅಳಿಸಿಹೋಗುತ್ತದೆ. ಧ್ಯಾನದಲ್ಲಿ ಪಳಗಿದವರು ಇದನ್ನು ವರ್ಷಗಟ್ಟಲೆ ಸಾಧನೆಯಿಂದ ಮುಟ್ಟುತ್ತಾರೆ. ನೀವು ಹಸಿವು, ನಿದ್ದೆಗೇಡಿನಿಂದ ಒಂದೇ ರಾತ್ರಿಯಲ್ಲಿ ಮುಟ್ಟಿದಿರಿ.

ಈಗ ಆ ಕಾಮನಬಿಲ್ಲಿನ ಮಾತು. ಅದನ್ನು ನೋಡಿದ ನೀವು ಅದೃಷ್ಟವಂತರು. ಸಹ್ಯಾದ್ರಿ ಸುತ್ತುವವರು ಅದಕ್ಕೆ ಇಂದ್ರವಜ್ರ ಎನ್ನುತ್ತಾರೆ. ಕೊಂಕಣಕಡಾ ಪಶ್ಚಿಮಕ್ಕೆ ಮುಖ ಮಾಡಿ ನಿಂತ, ಒಳಕ್ಕೆ ಬಾಗಿದ ಬೃಹತ್ ಬಂಡೆ. ಬೆಳಗಿನ ಹೊತ್ತು ಸೂರ್ಯ ನಿಮ್ಮ ಬೆನ್ನ ಹಿಂದೆ, ಮುಂದೆ ಕಣಿವೆಯ ತುಂಬ ಮಂಜು. ಬೆಳಕು ಆ ಸಣ್ಣ ಹನಿಗಳನ್ನು ತಾಗಿ ಬಂದ ದಾರಿಯಲ್ಲೇ ಹಿಂದಿರುಗುವಾಗ ಬಣ್ಣದ ಉಂಗುರಗಳಾಗುತ್ತವೆ. ಅವುಗಳ ಕೇಂದ್ರ ಎಲ್ಲಿರುತ್ತದೆ? ನೋಡುವವನ ತಲೆಯ ನೆರಳಿನಲ್ಲಿ. ಹತ್ತು ಜನ ಸಾಲಾಗಿ ನಿಂತರೆ ಪ್ರತಿಯೊಬ್ಬರೂ ಉಂಗುರವನ್ನು ತಮ್ಮ ತಲೆಯ ಸುತ್ತಲೇ ಕಾಣುತ್ತಾರೆ. ಪಕ್ಕದವರ ನೆರಳು ಕಂಡರೂ ಅದರ ತಲೆಗೆ ಪ್ರಭಾವಳಿ ಇರುವುದಿಲ್ಲ. ಒಬ್ಬನೇ ಕೂತವನಿಗೆ ಇದು ತಿಳಿಯುವ ಬಗೆಯೇ ಇಲ್ಲ. ನಿಮ್ಮ ಪಕ್ಕ ಇನ್ನೊಬ್ಬರು ಕೂತಿದ್ದರೆ ‘ನನ್ನ ಸುತ್ತ ಕಾಣ್ತಿದೆ’ ಎಂದು ಅವರೂ ಕೂಗುತ್ತಿದ್ದರು, ಇಬ್ಬರೂ ಬೆರಗಾಗುತ್ತಿದ್ದಿರಿ. ನಿಮ್ಮ ಪತ್ರವನ್ನು ಮತ್ತೆ ಮತ್ತೆ ಓದಿದಾಗ ನನಗೆ ಕಂಡದ್ದು ಇದೇ: ವಾಕಡ್‌ನಲ್ಲಿ ಒಬ್ಬರೇ, ಮೌನದಲ್ಲಿ ಒಬ್ಬರೇ, ಬಂಡೆಯ ಮೇಲೆ ಒಬ್ಬರೇ. ಎಲ್ಲದರೊಡನೆ ಒಂದಾದೆ ಎನ್ನುವ ನಿಮ್ಮ ಪತ್ರದಲ್ಲಿ ಜೊತೆಗಿದ್ದ ಒಬ್ಬ ಮನುಷ್ಯನ ಸುದ್ದಿಯೂ ಇಲ್ಲ. ಕಣ್ಣೀರು ಹಾಕುವ ಅವ್ವನೊಬ್ಬಳೇ ಇದ್ದಾಳೆ.

ಗೋವಾದ ಉಸಿರಾಟದ ವರ್ಕ್‌ಶಾಪ್‌ನ ಗುಟ್ಟು ಸರಳ. ಗಂಟೆಗಟ್ಟಲೆ ರಭಸದಿಂದ ಉಸಿರೆಳೆದು ಬಿಟ್ಟರೆ ರಕ್ತದಲ್ಲಿನ ಇಂಗಾಲದ ಡೈಆಕ್ಸೈಡ್ ಕುಸಿಯುತ್ತದೆ. ಅದು ಕುಸಿದರೆ ಮಿದುಳಿನ ರಕ್ತನಾಳಗಳು ಕುಗ್ಗುತ್ತವೆ; ಹೆಚ್ಚು ಆಮ್ಲಜನಕ ಸಿಗುತ್ತಿದೆ ಎಂದುಕೊಂಡವರ ಮಿದುಳಿಗೆ ರಕ್ತವೇ ಕಡಿಮೆ ಹರಿಯುತ್ತಿರುತ್ತದೆ. ರಕ್ತ ಕ್ಷಾರೀಯವಾಗಿ ಅದರಲ್ಲಿ ಬಿಡಿಯಾಗಿರುವ ಕ್ಯಾಲ್ಸಿಯಂ ಇಳಿಯುತ್ತದೆ. ಮೊದಲು ತುಟಿ ಜುಮ್ಮೆನ್ನುತ್ತದೆ, ಆಮೇಲೆ ಬೆರಳುಗಳು ಒಂದಕ್ಕೊಂದು ಅಂಟಿ ಹಕ್ಕಿಯ ಕೊಕ್ಕಿನ ಹಾಗೆ ಮುಂದಕ್ಕೆ ಸೆಟೆದುಕೊಳ್ಳುತ್ತವೆ. ‘ಒಳಗಿನ ಶಕ್ತಿ ಬಿಡುಗಡೆಯಾಗುತ್ತಿದೆ’ ಎಂದು ಅಲ್ಲಿ ಹೇಳಿದ್ದರೆ ಅದು ಸರಿಯಲ್ಲ. ಉಸಿರು ನಿಧಾನವಾದರೆ ಕೆಲವು ನಿಮಿಷಗಳಲ್ಲಿ ಬೆರಳು ಸಡಿಲವಾಗುತ್ತವೆ. ನಿಮ್ಮ ಅಳು ಮಾತ್ರ ನಿಮ್ಮದೇ. ಅದಕ್ಕೆ ಬಹುಶಃ ಬಹಳ ದಿನದ ಕಾರಣವಿತ್ತು, ಮತ್ತು ಅದನ್ನು ಅಲ್ಲಿ ಯಾರೂ ಕೂತು ಕೇಳಿದಂತೆ ಕಾಣುವುದಿಲ್ಲ. ನನಗೆ ಬೇಸರವಾದದ್ದು ಅಲ್ಲಿ. ಅಪಸ್ಮಾರ ಇದ್ದವರು, ಹೃದ್ರೋಗಿಗಳು, ಗರ್ಭಿಣಿಯರು ಇಂಥದ್ದರ ಹತ್ತಿರವೂ ಸುಳಿಯಬಾರದು.

ಅಣಬೆಯ ವಿಷಯಕ್ಕೆ ಬರುತ್ತೇನೆ. ಇದರ ಮೇಲೆ ಗಂಭೀರ ಸಂಶೋಧನೆ ನಡೆದಿದೆ, ಅದನ್ನು ಮುಚ್ಚಿಟ್ಟು ನಿಮ್ಮನ್ನು ಹೆದರಿಸುವುದು ನ್ಯಾಯವಲ್ಲ. 1962ರ ಗುಡ್ ಫ್ರೈಡೇ ದಿನ ಬೋಸ್ಟನ್ ವಿಶ್ವವಿದ್ಯಾಲಯದ ಪ್ರಾರ್ಥನಾ ಮಂದಿರದಲ್ಲಿ ವಾಲ್ಟರ್ ಪಾಂಕೆ ಎಂಬ ವೈದ್ಯ ಇಪ್ಪತ್ತು ಧರ್ಮಶಾಸ್ತ್ರ ವಿದ್ಯಾರ್ಥಿಗಳ ಪೈಕಿ ಅರ್ಧ ಜನರಿಗೆ ಅಣಬೆಯ ಸಾರವಾದ ಸಿಲೋಸೈಬಿನ್ ಕೊಟ್ಟ, ಉಳಿದವರಿಗೆ ಬೇರೆ ಮಾತ್ರೆ. ಸಿಲೋಸೈಬಿನ್ ಪಡೆದವರಲ್ಲಿ ಹೆಚ್ಚಿನವರು ಐಕ್ಯದ ಅನುಭವವನ್ನು ಹೇಳಿದರು. ಆದರೆ ಸುಮಾರು 25 ವರ್ಷಗಳ ನಂತರ ಅವರಲ್ಲಿ ಹೆಚ್ಚಿನವರನ್ನು ಮತ್ತೆ ಹುಡುಕಿ ಮಾತಾಡಿಸಿದಾಗ ಇನ್ನೊಂದು ಸಂಗತಿ ಹೊರಬಂತು: ಆ ದಿನ ಒಬ್ಬ ವಿದ್ಯಾರ್ಥಿ ಹತೋಟಿ ತಪ್ಪಿದ್ದ, ಅವನನ್ನು ಶಾಂತಗೊಳಿಸಲು ಇಂಜೆಕ್ಷನ್ ಕೊಡಬೇಕಾಗಿತ್ತು. ಮೊದಲ ವರದಿಯಲ್ಲಿ ಆ ಮಾತೇ ಇರಲಿಲ್ಲ. 2006ರಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್‌ನಲ್ಲಿ ರೋಲಂಡ್ ಗ್ರಿಫಿತ್ಸ್ ತಂಡ 36 ಜನರ ಮೇಲೆ ಅಧ್ಯಯನ ಮಾಡಿತು. ಮೂವರಲ್ಲಿ ಇಬ್ಬರು ಅದನ್ನು ಬದುಕಿನ ಅತಿ ಅರ್ಥಪೂರ್ಣ ಅನುಭವಗಳ ಸಾಲಿಗೆ ಸೇರಿಸಿದರು. ಅದೇ ಗುಂಪಿನಲ್ಲಿ ಸುಮಾರು ಮೂವರಲ್ಲಿ ಒಬ್ಬರಿಗೆ ತೀವ್ರ ಭಯವೂ ಆಗಿತ್ತು. ಅವರೆಲ್ಲ ಮನೋರೋಗದ ಹಿನ್ನೆಲೆ ಇಲ್ಲವೆಂದು ಪರೀಕ್ಷೆ ಮಾಡಿ ಆರಿಸಿದವರು. ಔಷಧದ ಪ್ರಮಾಣ ಗೊತ್ತಿತ್ತು. ಇಡೀ ದಿನ ಪಕ್ಕದಲ್ಲಿ ನೋಡಿಕೊಳ್ಳುವವರು ಕೂತಿದ್ದರು.

ಗೋವಾದ ಅಂಜುನಾದ ಬಾಡಿಗೆ ಕೋಣೆಯಲ್ಲಿ ಇದರಲ್ಲಿ ಒಂದೂ ಇರುವುದಿಲ್ಲ. ಕೈಗೆ ಬಂದದ್ದು ಏನೆಂಬುದೇ ತಿಳಿಯುವುದಿಲ್ಲ. ಎಸಿಟಲೋಪ್ರಾಮ್ ಅಣಬೆಯ ಪರಿಣಾಮವನ್ನು ಮಂದಗೊಳಿಸಬಹುದು, ನಿಮ್ಮ ಗೆಳೆಯರು ಅದನ್ನು ಬಿಡಿ ಎನ್ನುವುದು ಅದಕ್ಕೆ. ಹಾಗೆ ದಿಢೀರನೆ ಬಿಟ್ಟರೆ ತಲೆಸುತ್ತು, ತಲೆಯೊಳಗೆ ಕರೆಂಟ್ ಹೊಡೆದಂತೆ ಝಲ್ಲೆನ್ನುವುದು, ಸಿಡುಕು, ಮೊದಲಿನ ಆತಂಕ ದುಪ್ಪಟ್ಟಾಗಿ ಮರಳುವುದು ಎಲ್ಲ ಇದೆ. ಅಯಾವಾಸ್ಕಾ ಎಂಬ ಭ್ರಮೆ ತರಿಸುವ ಕಷಾಯವನ್ನು ಯಾರಾದರೂ ಕೊಟ್ಟರಂತೂ ಈ ಮಾತ್ರೆಯ ಜೊತೆ ಅದು ಸೇರಿ ಜೀವಕ್ಕೇ ಅಪಾಯವಾದೀತು. ಎಲ್‌ಎಸ್‌ಡಿ, ಸಿಲೋಸೈಬಿನ್ ಎರಡೂ 1985ರ ಮಾದಕವಸ್ತು ಕಾಯ್ದೆಯಡಿ ನಿಷಿದ್ಧ. ಜೇಬಿನಲ್ಲಿ ಸಿಕ್ಕರೂ ಅಪರಾಧ.

ಆದರೆ ನಾನು ಗೋವಾ ಬೇಡವೆನ್ನಲು ಇವೆಲ್ಲಕ್ಕಿಂತ ದೊಡ್ಡ ಕಾರಣ ನಿಮ್ಮ ಸೋದರಮಾವ. ಅವ್ವನ ಕಣ್ಣೀರನ್ನು ನೀವು ತಾಯಿಯ ಹೆದರಿಕೆ ಎಂದುಕೊಂಡಿದ್ದೀರಿ, ನನಗೆ ಅದು ಪತ್ರದಲ್ಲೇ ಅತ್ಯಂತ ಮುಖ್ಯವಾದ ಮಾಹಿತಿ. ಅವರು ಮನೆ ಬಿಟ್ಟಾಗ ವಯಸ್ಸೆಷ್ಟು? ಅದಕ್ಕೂ ಮುಂಚೆ ವಾರಗಟ್ಟಲೆ ನಿದ್ದೆ ಮಾಡದೆಯೂ ದಣಿಯದೆ ಓಡಾಡುತ್ತಿದ್ದರೇ? ವಿಪರೀತ ಮಾತಾಡುತ್ತಿದ್ದರೇ, ಕೈಯಲ್ಲಿದ್ದ ದುಡ್ಡನ್ನೆಲ್ಲ ಹಂಚಿಬಿಟ್ಟರೇ, ಯಾರದೋ ದನಿ ಕೇಳುತ್ತದೆ ಎನ್ನುತ್ತಿದ್ದರೇ? ಯಾವುದಾದರೂ ಆಸ್ಪತ್ರೆಗೆ ಕರೆದೊಯ್ದಿದ್ದರೇ? ಅದು ನಿಜವಾದ ವೈರಾಗ್ಯವಿದ್ದೀತು, ಅಂಥ ಹಿರಿಯರು ನಮ್ಮ ಮನೆತನಗಳಲ್ಲಿ ಆಗಿಹೋಗಿದ್ದಾರೆ. ಉನ್ಮಾದ, ಖಿನ್ನತೆ ಸರದಿಯಲ್ಲಿ ಬರುವ ಬೈಪೋಲಾರ್ ಕಾಯಿಲೆಯೋ, ಇಲ್ಲದ ದನಿ ಕೇಳಿಸುವಂಥ ಸ್ಕಿಜೋಫ್ರೇನಿಯಾವೋ ಇದ್ದಿರಲೂ ಸಾಕು. ನಮ್ಮ ಕಡೆ ಅದಕ್ಕೆ ‘ದೇವರ ಹುಚ್ಚು’ ಎಂದು ಕೈಬಿಟ್ಟ ಮನೆಗಳೂ ಕಡಿಮೆಯಿಲ್ಲ. ಹತ್ತಿರದ ಬಂಧುಗಳಲ್ಲಿ ಈ ಕಾಯಿಲೆಗಳಿದ್ದರೆ ನಿಮಗೂ ಸಾಧ್ಯತೆ ಹೆಚ್ಚು. ಅಂಥವರಿಗೆ ಅಣಬೆಯಿರಲಿ, ಬೇಕೆಂದೇ ನಿದ್ದೆಗೆಡುವುದೂ ಉನ್ಮಾದವನ್ನು ಕೆರಳಿಸಬಲ್ಲದು. ಕೆಲವರಲ್ಲಿ ಎಸಿಟಲೋಪ್ರಾಮ್‌ನಂಥ ಮಾತ್ರೆಯೇ ಅದನ್ನು ಹೊರತರುತ್ತದೆ, ಹಾಗಾಗಿ ಮಾವನ ಕತೆ ನಿಮ್ಮ ವೈದ್ಯರಿಗೆ ಗೊತ್ತಿರಲೇಬೇಕು. ಇದನ್ನು ಕೇಳಿ ಗಾಬರಿಯಾಗಬೇಡಿ. ನಿಮ್ಮ ಅನುಭವ ಬಂತು, ಹೋಯಿತು, ಮುಗಿಯಿತೆಂದು ನಿಮಗೆ ತಿಳಿದಿದೆ, ಕೆಲಸಕ್ಕೆ ಹೋಗುತ್ತಿದ್ದೀರಿ, ಸಂದೇಹಪಟ್ಟು ಪ್ರಶ್ನೆ ಕೇಳುತ್ತಿದ್ದೀರಿ. ಇವು ಆರೋಗ್ಯದ ಲಕ್ಷಣಗಳು.

‘ಎಲ್ಲ ಸಪ್ಪೆ’ ಎಂದದ್ದು ಮಾತ್ರ ನನ್ನನ್ನು ತಡೆದು ನಿಲ್ಲಿಸಿತು. ಅದನ್ನು ನೀವು ಆ ಬೆಳಗಿನ ಎತ್ತರದಿಂದ ಕೆಳಗಿಳಿದ ಫಲವೆಂದು ತಿಳಿದಿದ್ದೀರಿ. ಖಿನ್ನತೆಯೂ ಹೀಗೇ ಕಾಣುತ್ತದೆ. ಎಸಿಟಲೋಪ್ರಾಮ್‌ನಿಂದಲೂ ಕೆಲವರಿಗೆ ಭಾವನೆಗಳು ಮರಗಟ್ಟಿದಂತಾಗಿ ನಗುವೂ ಬಾರದು, ಅಳುವೂ ಬಾರದು. ಪ್ರಮಾಣ ಬದಲಿಸಿದರೆ ಅಥವಾ ಬೇರೆ ಮಾತ್ರೆಗೆ ಹೋದರೆ ಹಲವರಿಗೆ ಇದು ಸರಿಹೋಗುತ್ತದೆ. ಊಟದ ರುಚಿ ಮರಳಲು ಪ್ರಪಾತದ ಅಂಚಿಗೆ ಹೋಗಬೇಕಾದ ಅಗತ್ಯವೇ ಇಲ್ಲದಿರಬಹುದು.

ಇನ್ನು, ಪಡೆಯುವುದು ಹೇಗೆ ಎಂಬ ಪ್ರಶ್ನೆ. ದೇಹವನ್ನು ದಂಡಿಸಿ ಕಾಣುವ ದಾರಿ ನಮ್ಮ ನೆಲಕ್ಕೆ ಹೊಸದಲ್ಲ, ಅದರ ಮಿತಿಯನ್ನು ಕಂಡವರೂ ಇಲ್ಲಿನವರೇ. ಬುದ್ಧ ಆರು ವರ್ಷ ಉಗ್ರ ತಪಸ್ಸು ಮಾಡಿ, ಎಲುಬು ಎಣಿಸುವಷ್ಟು ಕೃಶನಾಗಿ, ಕೊನೆಗೆ ಸುಜಾತೆ ಕೊಟ್ಟ ಪಾಯಸ ಉಂಡ. ಜ್ಞಾನೋದಯವಾದದ್ದು ಉಂಡ ಮೇಲೆ. ಗೋರಕ್ಷ ಮತ್ತು ಅಲ್ಲಮಪ್ರಭುಗಳ ಕತೆ ಧಾರವಾಡದ ನಿಮಗೆ ಗೊತ್ತೇ ಇರುತ್ತದೆ. ಸಾಧನೆಯಿಂದ ವಜ್ರದ ಮೈ ಪಡೆದ ಗೋರಕ್ಷ ತನ್ನನ್ನು ಕತ್ತಿಯಿಂದ ಹೊಡೆದು ನೋಡೆಂದ. ಅಲ್ಲಮ ಹೊಡೆದರೆ ಖಣಿಲೆಂದು ಸದ್ದಾಯಿತು, ಕೂದಲೂ ಕೊಂಕಲಿಲ್ಲ. ಗೋರಕ್ಷ ಅಲ್ಲಮನ ಮೇಲೆ ಕತ್ತಿ ಬೀಸಿದರೆ ಅದು ಬಯಲಿನಲ್ಲಿ ಆಡಿದಂತೆ ಹಾದುಹೋಯಿತು. ಹಸಿವು ಗೆದ್ದೆ, ನಿದ್ದೆ ಗೆದ್ದೆ, ಭಯ ಗೆದ್ದೆ ಎನ್ನುವುದೆಲ್ಲ ಆ ಖಣಿಲೆನ್ನುವ ಸದ್ದು. ಗೆದ್ದವನು ಅಲ್ಲಿ ಗಟ್ಟಿಯಾಗಿ ಕೂತಿದ್ದಾನೆ. ಇಗತ್‌ಪುರಿಯ ಶಿಬಿರದಲ್ಲಿ ನಿಮಗೆ ಪ್ರತಿದಿನವೂ ಹೇಳಿರುತ್ತಾರೆ: ಮೈಯೆಲ್ಲ ಕರಗಿ ಹರಿದಂತಾದರೆ ಅದಕ್ಕೂ ಆಸೆಪಡಬೇಡಿ, ಅದೂ ಅನಿಚ್ಚ, ಹೋಗುವಂಥದ್ದು. ಅಲ್ಲಿ ನಾಲ್ಕು ಗಂಟೆಗೆ ಎದ್ದು ದಿನಗಟ್ಟಲೆ ಮೌನವಾಗಿ ಕೂತವರಿಗೆ ಆ ಒಂದು ಮಾತು ಉಳಿದರೆ ಸಾಕಿತ್ತು. ನೀವು ಅನುಭವವನ್ನು ಹಿಡಿದಿರಿ, ಆ ಮಾತನ್ನು ಬಿಟ್ಟಿರಿ.

ಪುಣೆಯಲ್ಲೇ ಇದ್ದೀರಿ. ಪಂಢರಾಪುರದ ಪಾದಯಾತ್ರೆಯಾದ ಆಷಾಢದ ವಾರಿಯನ್ನು ಒಮ್ಮೆಯಾದರೂ ಹತ್ತಿರದಿಂದ ನೋಡಿ. ಆಳಂದಿಯಿಂದ ಜ್ಞಾನೇಶ್ವರರ ಪಾಲಖಿ, ದೇಹೂವಿನಿಂದ ತುಕಾರಾಮರ ಪಾಲಖಿ, ಎರಡೂ ಪುಣೆಯಲ್ಲಿ ತಂಗಿ ಬೇರೆ ಬೇರೆ ದಾರಿ ಹಿಡಿದು ಪಂಢರಾಪುರಕ್ಕೆ ಹೊರಡುತ್ತವೆ. ಸುಮಾರು 250 ಕಿಲೋಮೀಟರ್ ಕಾಲ್ನಡಿಗೆ. ನಿಮ್ಮ ಬಂಡೆಯ ರಾತ್ರಿಯಲ್ಲಿದ್ದ ಸಾಮಗ್ರಿಯೆಲ್ಲ ಇಲ್ಲೂ ಇದೆ: ದಣಿವು, ಮಳೆ, ಕಡಿಮೆ ನಿದ್ದೆ, ಏಕಾದಶಿಯ ಉಪವಾಸ, ಅದರ ಮೇಲೆ ತಾಳಮೃದಂಗದ ಒಂದೇ ಲಯ. ದಿವೆ ಘಾಟ್ ಹತ್ತುವಾಗ ಕೆಲವರ ಕಣ್ಣು ನೋಡಿದರೆ ಅವರು ಎಲ್ಲಿದ್ದಾರೆಂಬುದು ಗೊತ್ತಾಗುತ್ತದೆ. ವ್ಯತ್ಯಾಸವೆಂದರೆ ಇಲ್ಲಿ ಯಾರೂ ಒಬ್ಬರೇ ಇಲ್ಲ. ಪ್ರತಿಯೊಬ್ಬರೂ ಒಂದೊಂದು ದಿಂಡಿಗೆ, ಅಂದರೆ ಒಟ್ಟಿಗೆ ನಡೆಯುವ ತಂಡಕ್ಕೆ, ಸೇರಿದವರು, ಎದುರಾದವರನ್ನೆಲ್ಲ ‘ಮಾವುಲಿ’ (ತಾಯಿ) ಎಂದು ಕರೆದು ಕಾಲು ಮುಟ್ಟುತ್ತಾರೆ. ಪಾಲಖಿ ತಂಗಿದಾಗ ನಡೆಯುವ ವೈದ್ಯರ ಉಚಿತ ಶಿಬಿರದಲ್ಲಿ ನಾನೂ ಕೂರುತ್ತೇನೆ. ಒಮ್ಮೆ ಚಿಕ್ಕೋಡಿ ಕಡೆಯ ಅಜ್ಜಿಯೊಬ್ಬರು ಬಂದರು. ಅಂಗಾಲಿನ ಬೊಕ್ಕೆ ಒಡೆದು ಮಣ್ಣು ಮೆತ್ತಿಕೊಂಡಿತ್ತು. ಕಾಲು ತೋರಿಸಿ ಅಂದರೆ, ‘ಕಾಲಿರ್ಲಿ ತಡೀರಿ, ನಮ್ಮ ಗಂಗವ್ವನ ಸಕ್ರಿ ಗುಳಿಗಿ ಮುಗದಾವು, ಮೊದ್ಲ ಅದನ್ನ ಕೊಡ್ರಿ’ ಎಂದು ಜೊತೆಯವರ ಗುಳಿಗೆಯ ಖಾಲಿ ಪಟ್ಟಿಯನ್ನು ಸೀರೆಯ ಗಂಟಿನಿಂದ ಬಿಚ್ಚಿ ಮುಂದಿಟ್ಟರು. ಐಕ್ಯವೆಂದರೇನು ಎಂದು ಅವರನ್ನು ಕೇಳುವ ಅಗತ್ಯ ನನಗೆ ಕಾಣಲಿಲ್ಲ.

ಮುಂಬೈಯಲ್ಲಿ ನೆಲೆಸಿದ ನಮ್ಮ ಕರಾವಳಿಯವರಲ್ಲೂ ಇದೇ ವಿವೇಕವಿದೆ. ಪಾತ್ರಿಯ ಮೈಮೇಲೆ ದೈವ ಬಂದಾಗ ಅದಕ್ಕೊಂದು ಹೊತ್ತಿದೆ, ಹಿಡಿದುಕೊಳ್ಳುವವರಿದ್ದಾರೆ, ಮುಗಿದ ಮೇಲೆ ಕೂರಿಸಿ ಆರೈಕೆ ಮಾಡುವವರಿದ್ದಾರೆ, ಮರುದಿನ ಆತ ತನ್ನ ಹೋಟೆಲಿನ ಗಲ್ಲಾದಲ್ಲಿ ಕೂರುತ್ತಾನೆ. ಸಮುದಾಯ ಒಪ್ಪಿ ಕಾಯುವ ಇಂಥ ಆವೇಶವನ್ನು ನಾವು ಮನೋವೈದ್ಯರು ರೋಗವೆಂದು ಎಣಿಸುವುದಿಲ್ಲ.

ಹಾಗಾಗಿ ನನ್ನ ಸಲಹೆ ಇಷ್ಟು. ಆ ಬೆಳಗಿನ ಅನುಭವವನ್ನು ಕನ್ನಡದಲ್ಲಿ, ದೊಡ್ಡ ಮಾತುಗಳಿಲ್ಲದೆ, ಕಂಡದ್ದನ್ನು ಕಂಡ ಹಾಗೆ ಒಮ್ಮೆ ಬರೆದಿಡಿ. ಅದು ನಿಮ್ಮದು, ಯಾರೂ ಕಸಿಯಲಾರರು. ರಾತ್ರಿ ಏಳು ಗಂಟೆ ನಿದ್ದೆ ಮಾಡಿ. ದಿನಕ್ಕೆ ಅರ್ಧ ಗಂಟೆ ಧ್ಯಾನಕ್ಕೆ ಕೂರುವುದಿದ್ದರೆ ಕೂರಿ, ವಾರಕ್ಕೊಮ್ಮೆ ಗುಂಪಿನಲ್ಲಿ. ಮತ್ತೆ ಹತ್ತು ದಿನದ ಶಿಬಿರಕ್ಕೆ ಹೋಗುವ ಮನಸ್ಸಾದರೆ ಈ ವರ್ಷ ಬೇಡ. ಧ್ಯಾನದಿಂದ ತೊಂದರೆಗೊಳಗಾದವರ ಬಗ್ಗೆಯೇ ಬ್ರೌನ್ ವಿಶ್ವವಿದ್ಯಾಲಯದವರು 2017ರಲ್ಲಿ ವಿವರವಾದ ಅಧ್ಯಯನ ಪ್ರಕಟಿಸಿದ್ದಾರೆ. ಭಯ, ನಿದ್ದೆಗೇಡು, ತನ್ನತನವೇ ಕಳೆದುಹೋದ ಗಾಬರಿ ಅದರಲ್ಲಿ ದಾಖಲಾಗಿವೆ. ಹೋಗುವಾಗ ಅರ್ಜಿಯಲ್ಲಿ ಮಾತ್ರೆಯ ವಿಷಯ, ಮಾವನ ವಿಷಯ ಎರಡನ್ನೂ ಮುಚ್ಚಿಡದೆ ಬರೆಯಿರಿ. ಹರಿಶ್ಚಂದ್ರಗಡಕ್ಕೂ ಮತ್ತೆ ಹೋಗಿ, ಆದರೆ ನಾಲ್ಕು ಜನರೊಡನೆ, ಪಾಚನಯಿ ಕಡೆಯಿಂದ, ಆ ಊರವರು ಬಡಿಸುವ ಪಿಠ್ಲಾ ಭಾಕರಿ ಉಂಡು. ಗಾಳಿ ಎದ್ದಾಗ ಕಡಾದ ಅಂಚಿಗೆ ನಿಲ್ಲಬೇಡಿ, ಮಲಗಿ ಇಣುಕಿ.

ಈ ಶನಿವಾರ ಅವ್ವನಿಗೆ ಫೋನ್ ಮಾಡಿ, ಮಾವನ ಬಗ್ಗೆ ಮೇಲಿನ ಪ್ರಶ್ನೆಗಳನ್ನು ಒಂದೊಂದಾಗಿ ಕೇಳಿ, ಉತ್ತರ ಬರೆದುಕೊಂಡು ನಿಮ್ಮ ವೈದ್ಯರ ಮುಂದಿಡಿ. ಅಷ್ಟರೊಳಗೆ ಎರಡು ಮೂರು ರಾತ್ರಿ ನಿದ್ದೆ ಬಾರದೆಯೂ ಮೈಯಲ್ಲಿ ವಿಪರೀತ ಹುರುಪು ಕಂಡರೆ, ನಿಮಗೊಬ್ಬರಿಗೇ ಏನೋ ಸಂದೇಶ ಬರುತ್ತಿದೆ ಅನ್ನಿಸಿದರೆ, ಸಾವಿನ ಯೋಚನೆ ಹಿತವೆನಿಸತೊಡಗಿದರೆ ಅಪಾಯಿಂಟ್‌ಮೆಂಟಿಗೆ ಕಾಯಬೇಡಿ. ಹತ್ತಿರದ ಆಸ್ಪತ್ರೆಗೆ ಹೋಗಿ, ಜೊತೆಗೆ ಯಾರನ್ನಾದರೂ ಕರೆದುಕೊಂಡು. ಮಧ್ಯರಾತ್ರಿಯಾದರೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. ಉಚಿತ, ಕನ್ನಡದಲ್ಲೂ ಮಾತಾಡುತ್ತಾರೆ.